ಒಂದು ಭತ್ತದ ಗದ್ದೆಯ ಮೂಲಕ ಪರಿಸರ ವ್ಯವಸ್ಥೆಯನ್ನು ಕಲಿಸುವ ಕ್ರಮ

ಆರರಿಂದ ಎಂಟನೆಯ ತರಗತಿಯವರೆಗಿನ ವಿಜ್ಞಾನದಲ್ಲಿ ಆಹಾರ ಸರಪಳಿ, ಜಲಚಕ್ರ, ಮಣ್ಣು, ದ್ಯುತಿಸಂಶ್ಲೇಷಣೆ, ಸೂಕ್ಷ್ಮಜೀವಿಗಳು ಇವೆಲ್ಲ ಬೇರೆ ಬೇರೆ ಪಾಠಗಳಾಗಿ ಬರುತ್ತವೆ. ಮಕ್ಕಳು ಒಂದೊಂದನ್ನೂ ಚೆನ್ನಾಗಿಯೇ ಕಲಿಯುತ್ತಾರೆ. ಉತ್ಪಾದಕ ಯಾವುದು, ಭಕ್ಷಕ ಯಾವುದು, ವಿಘಟಕ ಯಾವುದು ಎಂದು ಕೇಳಿದರೆ ತಡವರಿಸದೆ ಹೇಳುತ್ತಾರೆ. ಆದರೆ ಅದೇ ವಿದ್ಯಾರ್ಥಿಯನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿ, ಇಲ್ಲಿ ಕಪ್ಪೆಗಳು ಕಡಿಮೆಯಾದರೆ ಪೈರಿಗೆ ಏನಾಗಬಹುದು, ನೀರು ಹತ್ತು ದಿನ ಬಾರದಿದ್ದರೆ ಮಣ್ಣಿನೊಳಗಿನ ಜೀವಿಗಳಿಗೆ ಏನಾಗಬಹುದು ಎಂದು ಕೇಳಿದಾಗ ಉತ್ತರ ಸುಲಭವಾಗಿ ಹೊರಡುವುದಿಲ್ಲ. ಭಾಗಗಳ ಹೆಸರು ಗೊತ್ತಿದ್ದರೂ ಒಂದು ಭಾಗ ಇನ್ನೊಂದರ ಮೇಲೆ ಮಾಡುವ ಕೆಲಸವನ್ನು ಗಮನಿಸುವ ಅವಕಾಶ ಆ ಮಗುವಿಗೆ ಸಿಕ್ಕಿಲ್ಲ ಎಂಬುದೇ ಇದಕ್ಕೆ ಕಾರಣ ಎಂದು ನಾನು ಭಾವಿಸುತ್ತೇನೆ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಪಾಂಡವಪುರ, ತಿ. ನರಸೀಪುರದ ಬಯಲಿನ ಶಾಲೆಗಳಿಗೆ ಈ ಕೊರತೆಯನ್ನು ನೀಗಿಸುವ ಸಾಧನ ಬಹುಮಟ್ಟಿಗೆ ನಡೆದು ಹೋಗುವ ದೂರದಲ್ಲಿಯೇ ಇದೆ. ನಾಲೆಯ ಅಥವಾ ಕೆರೆಯ ಅಚ್ಚುಕಟ್ಟಿನಲ್ಲಿರುವ ಒಂದು ಭತ್ತದ ತಾಕು ಸಾಕು. ಸುಮಾರು ಒಂದು ತಿಂಗಳ ಅವಧಿಯಲ್ಲಿ, ವಾರಕ್ಕೆ ಎರಡು ಅಥವಾ ಮೂರು ಪೀರಿಯಡ್‌ಗಳನ್ನು ಬಳಸಿ ಈ ಪಾಠವನ್ನು ನಡೆಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ತಾಕನ್ನು ಆರಿಸಿ ಗಡಿ ಹಾಕುವುದು

ಮುಂಗಾರು ಹಂಗಾಮಿನ ನಾಟಿ ಮುಗಿದ ಮೂರು ನಾಲ್ಕು ವಾರಗಳ ನಂತರದ ದಿನಗಳು ಮೊದಲ ಭೇಟಿಗೆ ಅತ್ಯಂತ ಅನುಕೂಲವಾದವು. ಆಗ ಪೈರು ತೆಂಡೆ ಒಡೆಯುತ್ತಿರುತ್ತದೆ, ಆದರೆ ನೀರನ್ನು ಪೂರ್ತಿ ಮುಚ್ಚಿರುವುದಿಲ್ಲವಾದ್ದರಿಂದ ನೀರಿನ ಮೇಲಿರುವುದೂ ಒಳಗಿರುವುದೂ ಕಾಣುತ್ತವೆ. ಗದ್ದೆಯ ಒಡೆಯರ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು. ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಅವರನ್ನೇ ಕೇಳಿ ತಿಳಿದುಕೊಂಡು, ಇತ್ತೀಚೆಗೆ ಹೊಡೆದಿದ್ದರೆ ಆ ತಾಕನ್ನು ಬಿಟ್ಟು ಬೇರೆಯದನ್ನು ಆರಿಸಬೇಕು. ಮಕ್ಕಳು ಬದುವಿನ ಮೇಲೆಯೇ ಇರಲಿ. ಕಾಲಿನಲ್ಲಿ ಗಾಯವಿರುವವರು ಗದ್ದೆಯ ನೀರನ್ನು ಮುಟ್ಟಬಾರದು, ಏಕೆಂದರೆ ಇಲಿ ಜ್ವರದ ರೋಗಾಣು ನಿಂತ ನೀರಿನಿಂದ ಗಾಯದ ಮೂಲಕ ದೇಹವನ್ನು ಸೇರಬಲ್ಲದು. ಬದುವಿನ ಬಿಲಗಳಿಗೆ ಕೈ ಹಾಕಬಾರದು, ನಾಲೆಯ ದಡಕ್ಕೆ ಹೋಗಬಾರದು, ಹಿಂದಿರುಗಿದ ಕೂಡಲೇ ಎಲ್ಲರೂ ಸೋಪಿನಿಂದ ಕೈಕಾಲು ತೊಳೆಯಬೇಕು. ಈ ಮಾತುಗಳನ್ನು ಹೊರಡುವ ಮುನ್ನ ತರಗತಿಯಲ್ಲಿಯೇ ಹೇಳಿ ಮುಗಿಸುವುದು ಒಳ್ಳೆಯದು.

ಸ್ಥಳ ತಲುಪಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಜೀವಿಗಳನ್ನು ಹುಡುಕುವುದಲ್ಲ, ಗಡಿಯನ್ನು ನಿರ್ಧರಿಸುವುದು. ನಾಲ್ಕು ಬದುಗಳ ನಡುವಿನ ಒಂದೇ ತಾಕನ್ನು ನಮ್ಮ ವ್ಯವಸ್ಥೆ ಎಂದು ಹೆಸರಿಸಿ, ಈ ಗಡಿಯನ್ನು ದಾಟಿ ಒಳಗೆ ಏನೇನು ಬರುತ್ತದೆ, ಏನೇನು ಹೊರಗೆ ಹೋಗುತ್ತದೆ ಎಂದು ಕೇಳಬೇಕು. ಮಕ್ಕಳು ಮೊದಲು ನೀರು, ಗೊಬ್ಬರ, ಭತ್ತ ಎನ್ನುತ್ತಾರೆ. ಸ್ವಲ್ಪ ಕಾದರೆ ಬಿಸಿಲು ಎನ್ನುತ್ತಾರೆ. ಬೆಳ್ಳಕ್ಕಿ ಹಾರಿಬಂದು ಕಪ್ಪೆಯನ್ನು ನುಂಗಿ ಮರಳಿ ಹೋದದ್ದನ್ನು ಕಂಡವರು ಅದನ್ನೂ ಸೇರಿಸುತ್ತಾರೆ. ಆವಿಯಾಗಿ ಹೋಗುವ ನೀರು, ತಳಕ್ಕೆ ಇಂಗುವ ನೀರು, ಕೆಸರನ್ನು ಕೋಲಿನಿಂದ ಒತ್ತಿದಾಗ ಮೇಲೆದ್ದು ಬರುವ ಗುಳ್ಳೆಗಳು, ಇವು ಸಾಮಾನ್ಯವಾಗಿ ಕೊನೆಗೆ ಬರುತ್ತವೆ. ಶಿಕ್ಷಕರು ಸುಳಿವು ಕೊಡಬೇಕಾದದ್ದು ಇಲ್ಲಿ ಮಾತ್ರ.

ಗಡಿ ಎಂಬುದು ಅಧ್ಯಯನದ ಅನುಕೂಲಕ್ಕಾಗಿ ನಾವು ಹಾಕಿಕೊಂಡದ್ದೇ ಹೊರತು ನಿಸರ್ಗವು ಅದನ್ನು ಮಾನ್ಯ ಮಾಡುವುದಿಲ್ಲ ಎಂಬುದನ್ನು ತೋರಿಸಲು ನೀರಿನ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗಬೇಕು. ತಾಕಿಗೆ ನೀರು ಬದುವಿನ ಕಂಡಿಯಿಂದ ಬಂತು. ಅಲ್ಲಿಗೆ ಕಿರುಗಾಲುವೆಯಿಂದ, ಅದಕ್ಕೆ ವಿಶ್ವೇಶ್ವರಯ್ಯ ನಾಲೆಯಿಂದ, ಆ ನಾಲೆಗೆ ಕನ್ನಂಬಾಡಿಯ ಕೃಷ್ಣರಾಜಸಾಗರದಿಂದ. 1911ರಲ್ಲಿ ಕಟ್ಟಲು ಆರಂಭಿಸಿದ ಆ ಅಣೆಕಟ್ಟೆಯಲ್ಲಿ ಕಾವೇರಿಯ ಜೊತೆಗೆ ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳ ನೀರೂ ಸೇರುತ್ತದೆ. ಮಂಡ್ಯದಲ್ಲಿ ಒಂದು ಹನಿಯೂ ಬೀಳದ ಜುಲೈ ತಿಂಗಳ ದಿನದಂದು ಗದ್ದೆಯಲ್ಲಿ ನೀರು ನಿಂತಿದ್ದರೆ, ಅದಕ್ಕೆ ಕೊಡಗಿನಲ್ಲಿ, ಪಶ್ಚಿಮ ಘಟ್ಟದ ಮಡಿಲಿನಲ್ಲಿ ಸುರಿದ ಮಳೆ ಕಾರಣ. ಜಲಾಶಯದ ಮಟ್ಟವನ್ನು ದಿನಪತ್ರಿಕೆಗಳು ಪ್ರತಿದಿನ ಪ್ರಕಟಿಸುತ್ತವೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿಯ ಮಕ್ಕಳಿಗೆ ಮನೆಯ ಮಾತುಕತೆಯಿಂದಲೇ ಗೊತ್ತಿರುತ್ತದೆ. ಒಂದು ತಿಂಗಳ ಕಾಲ ಆ ಅಂಕಿಯನ್ನೂ, ಮಡಿಕೇರಿಯ ಮಳೆಯ ಅಂಕಿಯನ್ನೂ, ಶಾಲೆಯ ಅಂಗಳದಲ್ಲಿ ಇಟ್ಟ ಡಬ್ಬಿಯಲ್ಲಿ ಬಿದ್ದ ಮಳೆಯನ್ನೂ ಒಂದೇ ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ, ಜಲಾಶಯದ ಗೆರೆ ಯಾವ ಮಳೆಯ ಹಿಂದೆ ಹೋಗುತ್ತದೆ, ಎಷ್ಟು ದಿನ ತಡವಾಗಿ ಹೋಗುತ್ತದೆ ಎಂಬುದನ್ನು ಅವರು ತಾವೇ ಕಂಡುಕೊಳ್ಳುತ್ತಾರೆ. ಈ ತಡದ ವಿಚಾರ ಮುಂದೆ ಮತ್ತೆ ಬೇಕಾಗುತ್ತದೆ.

ಭಾಗಗಳ ಪಟ್ಟಿ

ಇದಕ್ಕೆ ಒಂದು ಪೀರಿಯಡ್ ಸಾಕು. ಚಹಾ ಸೋಸುವ ಜಾಲರಿ, ಬಿಳಿಯ ತಟ್ಟೆ, ಅಳತೆಯ ಪಟ್ಟಿ, ಸಾಧ್ಯವಾದರೆ ಒಂದು ಥರ್ಮಾಮೀಟರ್ ಇದ್ದರೆ ಕೆಲಸವಾಗುತ್ತದೆ. ಪಾಚಿ, ಗೊದಮೊಟ್ಟೆ, ಬಸವನಹುಳು, ಏಡಿ, ಜೇಡ, ಏರೋಪ್ಲೇನ್ ಚಿಟ್ಟೆಯ ಮರಿ, ಹೀಗೆ ಮಕ್ಕಳು ಬಳಸುವ ಹೆಸರುಗಳನ್ನೇ ಬರೆಯಲಿ. ಗುರುತು ಸಿಗದ ಹುಳುವಿನ ಚಿತ್ರ ಬರೆದು ಅದಕ್ಕೊಂದು ಅಂಕಿ ಕೊಟ್ಟರೂ ಸರಿ. ನೋಡಿದ ಜೀವಿಗಳನ್ನು ಅಲ್ಲಿಯೇ ನೀರಿಗೆ ಬಿಡಬೇಕು. ಜೀವವಿಲ್ಲದ ಭಾಗಗಳಾದ ನೀರಿನ ಆಳ, ನೀರಿನ ಬಿಸಿ, ಕೆಸರಿನ ಬಣ್ಣ ಮತ್ತು ವಾಸನೆ, ಪೈರಿನ ಬುಡಕ್ಕೆ ಬೀಳುವ ಬೆಳಕು ಇವಕ್ಕೆ ಪಟ್ಟಿಯಲ್ಲಿ ಜೀವಿಗಳಷ್ಟೇ ಜಾಗ ಕೊಡಬೇಕು ಎಂಬುದು ನನ್ನ ಒತ್ತಾಯ. ಪಠ್ಯದ ಚಿತ್ರಗಳಲ್ಲಿ ಇವು ಹಿನ್ನೆಲೆಯಾಗಿ ಮಾತ್ರ ಇರುತ್ತವೆ, ಗದ್ದೆಯಲ್ಲಿ ಮಾತ್ರ ಬಹುಪಾಲು ಕೆಲಸ ಇವುಗಳ ಮೂಲಕವೇ ನಡೆಯುತ್ತದೆ.

ಪ್ರತಿ ಬಾಣಕ್ಕೂ ಒಂದು ಕ್ರಿಯಾಪದ

ಇದು ಇಡೀ ಪಾಠದ ಮುಖ್ಯ ಭಾಗವಾದ್ದರಿಂದ ಇದಕ್ಕೆ ಕನಿಷ್ಠ ಒಂದು ವಾರ ಕೊಡಬೇಕು. ದೊಡ್ಡ ಹಾಳೆಯ ಮೇಲೆ ಭಾಗಗಳ ಹೆಸರುಗಳನ್ನು ಚದುರಿಸಿ ಬರೆದು, ಸಂಬಂಧವಿದೆ ಎಂದು ಕಂಡ ಎರಡರ ನಡುವೆ ಬಾಣ ಎಳೆಯಲು ಹೇಳಬೇಕು. ನಿಯಮ ಒಂದೇ: ಬಾಣದ ಮೇಲೆ ಕ್ರಿಯಾಪದವಿಲ್ಲದಿದ್ದರೆ ಅದನ್ನು ಒಪ್ಪುವಂತಿಲ್ಲ. ‘ನೀರು, ಮಣ್ಣು ಒಂದಕ್ಕೊಂದು ಸಂಬಂಧಿಸಿವೆ’ ಎಂಬ ವಾಕ್ಯ ಏನನ್ನೂ ಹೇಳುವುದಿಲ್ಲ. ‘ನಿಂತ ನೀರು ಮಣ್ಣಿನ ಸಂದುಗಳಲ್ಲಿರುವ ಗಾಳಿಯನ್ನು ಹೊರದೂಡುತ್ತದೆ’ ಎಂಬ ವಾಕ್ಯದಿಂದ ಮುಂದಿನ ಮೂರು ನಾಲ್ಕು ಪ್ರಶ್ನೆಗಳು ಹುಟ್ಟುತ್ತವೆ.

ಗಾಳಿ ಇಲ್ಲದ ಮಣ್ಣಿನಲ್ಲಿ ಬೇರು ಉಸಿರಾಡುವುದು ಹೇಗೆ? ಭತ್ತದ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿ ಹರಿಯುವ ಟೊಳ್ಳು ದಾರಿಗಳಿರುವುದರಿಂದ ಎಲೆಗಳ ಕಡೆಯಿಂದ ಆಮ್ಲಜನಕ ಬೇರಿಗೆ ಇಳಿಯುತ್ತದೆ. ಅಂಥ ದಾರಿಗಳಿಲ್ಲದ ಹಲವು ಕಳೆಗಳು ನಿಂತ ನೀರಿನಲ್ಲಿ ಮೊಳೆಯಲಾರವು. ಆದ್ದರಿಂದ ‘ನೀರು ಕಳೆಯನ್ನು ತಡೆಯುತ್ತದೆ’ ಎಂಬ ಇನ್ನೊಂದು ಬಾಣ ಬರುತ್ತದೆ. ರೈತರು ಗದ್ದೆಯಲ್ಲಿ ನೀರು ಕಟ್ಟುವುದಕ್ಕೆ ಪೈರಿನ ಬಾಯಾರಿಕೆ ಒಂದೇ ಕಾರಣವಲ್ಲ ಎಂಬುದು ಮಕ್ಕಳಿಗೆ ಇಲ್ಲಿ ತಿಳಿಯುತ್ತದೆ; ಮನೆಯಲ್ಲಿ ಅಪ್ಪನನ್ನೋ ತಾತನನ್ನೋ ಕೇಳಿ ಖಚಿತಪಡಿಸಿಕೊಂಡು ಬರಲು ಹೇಳಬಹುದು. ಇನ್ನು ಆಮ್ಲಜನಕವಿಲ್ಲದ ಅದೇ ಕೆಸರಿನಲ್ಲಿ ಕೊಳೆಯುವ ಸಸ್ಯಾಂಶದಿಂದ ಕೆಲವು ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಉಂಟುಮಾಡುತ್ತವೆ. ಮೊದಲ ದಿನ ಕಂಡ ಗುಳ್ಳೆಗಳಲ್ಲಿ ಆ ಅನಿಲವೂ ಇರುತ್ತದೆ. ಹೀಗೆ ನೀರಿನ ಒಂದೇ ಕೆಲಸ ಪೈರಿಗೆ, ಕಳೆಗೆ, ಸೂಕ್ಷ್ಮಜೀವಿಗೆ, ಕೊನೆಗೆ ವಾತಾವರಣಕ್ಕೂ ತಲುಪುತ್ತದೆ.

ಅಜೋಲಾ ಇರುವ ಗದ್ದೆ ಸಿಕ್ಕಿದರೆ ಇನ್ನೂ ಒಳ್ಳೆಯದು. ನೀರಿನ ಮೇಲೆ ತೇಲುವ ಈ ಪುಟ್ಟ ಜರೀಗಿಡದ ಎಲೆಯ ಪೊಳ್ಳುಗಳಲ್ಲಿ ಅನಬೀನಾ ಎಂಬ ನೀಲಿ-ಹಸಿರು ಪಾಚಿ ವಾಸಿಸುತ್ತದೆ. ಪಾಚಿಯು ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗುವ ರೂಪಕ್ಕೆ ತರುತ್ತದೆ, ಅಜೋಲಾ ಅದಕ್ಕೆ ಆಶ್ರಯವನ್ನೂ ಆಹಾರವನ್ನೂ ಕೊಡುತ್ತದೆ. ಇಲ್ಲಿ ಮಕ್ಕಳು ಅಜೋಲಾದಿಂದ ಭತ್ತಕ್ಕೆ ನೇರವಾಗಿ ಬಾಣ ಎಳೆದುಬಿಡುತ್ತಾರೆ. ಅವರನ್ನು ತಡೆದು, ಜೀವಂತ ಅಜೋಲಾ ತನ್ನೊಳಗಿನ ಸಾರಜನಕವನ್ನು ಭತ್ತಕ್ಕೆ ಹೇಗೆ ಕೊಟ್ಟೀತು ಎಂದು ಕೇಳಬೇಕು. ಅಜೋಲಾ ಸತ್ತು ಕೆಸರಿನಲ್ಲಿ ಸೇರಿ, ವಿಘಟಕಗಳು ಅದನ್ನು ಒಡೆದ ಮೇಲೆಯೇ ಅದರ ಬಹುಪಾಲು ಭತ್ತದ ಬೇರಿಗೆ ಸಿಗುತ್ತದೆ. ನಡುವೆ ವಿಘಟಕಗಳನ್ನು ಸೇರಿಸದೆ ಆ ಬಾಣ ಪೂರ್ಣವಾಗುವುದಿಲ್ಲ. ಕಣ್ಣಿಗೆ ಕಾಣದ ಭಾಗವೊಂದು ಏಕೆ ಅನಿವಾರ್ಯ ಎಂಬುದನ್ನು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಆಹಾರದ ಬಾಣಗಳನ್ನು ತಿನ್ನುವ ಜೀವಿಯಿಂದ ತಿನ್ನಿಸಿಕೊಳ್ಳುವ ಜೀವಿಯ ಕಡೆಗೆ ಎಳೆಯುವುದು ಈ ವಯಸ್ಸಿನ ಮಕ್ಕಳಲ್ಲಿ ತೀರ ಸಾಮಾನ್ಯ. ‘ಶಕ್ತಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು’ ಎಂದು ಕೇಳಿದರೆ ಅವರೇ ತಿದ್ದಿಕೊಳ್ಳುತ್ತಾರೆ. ಆ ಮೇಲೆ ಎರಡು ಬಣ್ಣದ ಪೆನ್ಸಿಲ್ ಕೊಟ್ಟು, ಶಕ್ತಿಯ ದಾರಿಯನ್ನು ಕೆಂಪಿನಲ್ಲಿಯೂ ಸಾರಜನಕ, ಇಂಗಾಲ, ನೀರು ಇಂಥ ವಸ್ತುಗಳ ದಾರಿಯನ್ನು ನೀಲಿಯಲ್ಲಿಯೂ ತಿದ್ದಿಸಬೇಕು. ನೀಲಿ ಗೆರೆಗಳು ವಿಘಟಕಗಳ ಮೂಲಕ ಸುತ್ತಿ ಮತ್ತೆ ಪೈರಿಗೆ ಬರುತ್ತವೆ. ಕೆಂಪು ಗೆರೆ ಸೂರ್ಯನಿಂದ ಹೊರಟು ಪ್ರತಿ ಹಂತದಲ್ಲಿಯೂ ಬಿಸಿಯಾಗಿ ಹೊರಗೆ ಹೋಗುತ್ತದೆಯೇ ಹೊರತು ಎಲ್ಲಿಯೂ ಸುತ್ತಿ ಬರುವುದಿಲ್ಲ. ಅಮೆರಿಕದ ರೇಮಂಡ್ ಲಿಂಡೆಮನ್ 1942ರಲ್ಲಿ ಒಂದು ಸಣ್ಣ ಸರೋವರದ ಅಧ್ಯಯನದಿಂದ ಈ ಶಕ್ತಿಯ ಹರಿವನ್ನು ಲೆಕ್ಕ ಹಾಕುವ ದಾರಿ ತೋರಿಸಿದರು. ಒಂದು ಹಂತದ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಮುಂದಿನ ಹಂತಕ್ಕೆ ಸಿಗುತ್ತದೆ ಎಂಬುದು ಅಲ್ಲಿಂದ ಬೆಳೆದ ಅಂದಾಜು. ಗದ್ದೆಯಲ್ಲಿ ಸಾವಿರಾರು ಹುಳುಗಳಿದ್ದು ಬೆಳ್ಳಕ್ಕಿಗಳು ಕೆಲವೇ ಇರುವುದೇಕೆ ಎಂಬುದಕ್ಕೆ ಉತ್ತರ ಆ ಕೆಂಪು ಗೆರೆಯಲ್ಲಿಯೇ ಇದೆ.

ಒಂದು ಭಾಗವನ್ನು ತೆಗೆದು ಯೋಚಿಸುವುದು

ಚಿತ್ರ ಸಿದ್ಧವಾದ ಮೇಲೆ ಒಂದು ಹೆಸರನ್ನು ಕಾಗದದ ಚೂರಿನಿಂದ ಮುಚ್ಚಿ, ಬಾಣಗಳನ್ನು ಹಿಡಿದು ಹೋಗಿ ಯಾವುದು ಹೆಚ್ಚುತ್ತದೆ, ಯಾವುದು ತಗ್ಗುತ್ತದೆ ಎಂದು ಊಹಿಸಲು ಹೇಳಬೇಕು. ಊಹೆಯ ಜೊತೆಗೆ ಕಾರಣವನ್ನೂ ಬರೆಯಬೇಕು.

ಜೇಡವನ್ನು ಮುಚ್ಚಿ ಆರಂಭಿಸುವುದು ಸೂಕ್ತ. ಭತ್ತದ ರಸ ಹೀರುವ ಕಂದು ಜಿಗಿಹುಳುವನ್ನು ಗದ್ದೆಯ ಜೇಡಗಳು ತಿನ್ನುತ್ತವೆ. ಎಲ್ಲ ಕೀಟಗಳನ್ನೂ ಕೊಲ್ಲುವಂಥ ಔಷಧಿಯನ್ನು ಹೊಡೆದಾಗ ಜಿಗಿಹುಳುವಿನ ಜೊತೆಗೆ ಜೇಡವೂ ಸಾಯುತ್ತದೆ. ಆದರೆ ಜಿಗಿಹುಳು ಮೊಟ್ಟೆಗಳನ್ನು ಪೈರಿನ ಅಂಗಾಂಶದ ಒಳಗೆ ಇಡುವುದರಿಂದ ಅವು ಉಳಿದುಕೊಳ್ಳುತ್ತವೆ. ಅವು ಒಡೆದು ಮರಿಗಳು ಹೊರಬರುವ ಹೊತ್ತಿಗೆ ತಿನ್ನುವವರೇ ಇರುವುದಿಲ್ಲ, ಜೇಡಗಳು ಮತ್ತೆ ಹೆಚ್ಚಲು ಜಿಗಿಹುಳುವಿಗಿಂತ ಹೆಚ್ಚು ಕಾಲ ಬೇಕಾಗುತ್ತದೆ. ಹೀಗೆ ಕೀಟವನ್ನು ತಗ್ಗಿಸಲು ಹೊಡೆದ ಔಷಧಿಯೇ ಕೀಟ ಹೆಚ್ಚಲು ಕಾರಣವಾಗುತ್ತದೆ. ಆಗ್ನೇಯ ಏಷ್ಯಾದ ಭತ್ತದ ದೇಶಗಳು ಇದನ್ನು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದವು. ಇಂಡೋನೇಷ್ಯಾ 1986ರಲ್ಲಿ 57 ಕೀಟನಾಶಕಗಳನ್ನು ಭತ್ತದ ಬೆಳೆಗೆ ಬಳಸದಂತೆ ನಿಷೇಧಿಸಿತು. ಔಷಧಿಯೆಲ್ಲವೂ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಮಕ್ಕಳನ್ನು ದೂಡುವ ಅಗತ್ಯವಿಲ್ಲ. ಯಾವ ಔಷಧಿ, ಯಾವಾಗ, ಯಾವ ಜೀವಿಗಳ ಮೇಲೆ ಎಂಬ ಪ್ರಶ್ನೆ ಏಕೆ ಮುಖ್ಯ ಎಂದು ಅವರಿಗೆ ತಿಳಿದರೆ ಸಾಕು. ಹೊಲಗದ್ದೆ ಇರುವ ಮನೆಯ ಮಕ್ಕಳಿಗೆ ಇದು ಪರೀಕ್ಷೆಯ ಆಚೆಗೂ ಬೇಕಾದ ತಿಳಿವಳಿಕೆ.

ಕಪ್ಪೆಯ ವಿಷಯ ಇಷ್ಟು ನೇರವಲ್ಲ, ಆದ್ದರಿಂದಲೇ ಅದನ್ನು ಎರಡನೆಯದಾಗಿ ತೆಗೆದುಕೊಳ್ಳಬೇಕು. ಕಪ್ಪೆಕಾಲುಗಳ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿತು, ಗದ್ದೆಗಳಲ್ಲಿ ಕೀಟ ತಿನ್ನುವ ಕಪ್ಪೆಗಳು ಇಲ್ಲವಾಗುತ್ತಿವೆ ಎಂಬ ಕಳವಳ ಆ ನಿರ್ಧಾರದ ಹಿಂದೆ ಇತ್ತು. ಇದನ್ನು ಕೇಳಿದ ಮಕ್ಕಳು ಕಪ್ಪೆ ಹೋದರೆ ಕೀಟ ಹೆಚ್ಚುತ್ತದೆ ಎಂದು ತಟ್ಟನೆ ಬರೆಯುತ್ತಾರೆ. ಆದರೆ ಕಪ್ಪೆ ಜೇಡವನ್ನೂ ತಿನ್ನುತ್ತದೆ. ಕಪ್ಪೆ ಇಲ್ಲವಾದರೆ ಜೇಡ ಹೆಚ್ಚಬಹುದು, ಜೇಡ ಹೆಚ್ಚಿದರೆ ಕೆಲವು ಕೀಟಗಳು ತಗ್ಗಬಹುದು. ಕಪ್ಪೆಯನ್ನು ಅವಲಂಬಿಸಿದ ಹಾವು, ಬೆಳ್ಳಕ್ಕಿಗಳು ಬೇರೆಡೆಗೆ ಹೋಗಬಹುದು, ಕೇರೆಹಾವು ಹೋದರೆ ಇಲಿ ಹೆಚ್ಚಬಹುದು. ಚಿತ್ರವನ್ನು ನೋಡಿ ದಿಕ್ಕನ್ನು ಊಹಿಸಬಹುದಾದರೂ ಪ್ರಮಾಣವನ್ನು ತಿಳಿಯಲು ಎಣಿಕೆ ಬೇಕು ಎಂಬ ಮಾತನ್ನು ಶಿಕ್ಷಕರು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಎರಡು ಗುಂಪುಗಳು ಎರಡು ಉತ್ತರ ಬರೆದು, ಎರಡಕ್ಕೂ ಸರಿಯಾದ ಬಾಣಗಳ ಆಧಾರವಿದ್ದರೆ ಎರಡಕ್ಕೂ ಪೂರ್ಣ ಅಂಕ ಕೊಡಬೇಕು.

ಸುತ್ತಿ ಬರುವ ಪರಿಣಾಮಗಳು

ಕೆಲವು ಬಾಣಗಳನ್ನು ಹಿಡಿದು ಹೊರಟರೆ ಹೊರಟಲ್ಲಿಗೇ ಬಂದು ಸೇರುತ್ತೇವೆ. ಇಂಥ ಸುತ್ತುಗಳಲ್ಲಿ ಎರಡು ಬಗೆ. ಕೀಟ ಹೆಚ್ಚಿದರೆ ಜೇಡಕ್ಕೆ ಆಹಾರ ಹೆಚ್ಚುತ್ತದೆ, ಜೇಡ ಹೆಚ್ಚಿದರೆ ಕೀಟ ತಗ್ಗುತ್ತದೆ. ಇದು ಬದಲಾವಣೆಯನ್ನು ಹಿಡಿದು ನಿಲ್ಲಿಸುವ ಸುತ್ತು. ಜೇಡದ ಸಂಖ್ಯೆ ಕೂಡಲೇ ಏರದೆ ಕೆಲವು ವಾರ ತಡವಾಗಿ ಏರುವುದರಿಂದ ಎರಡೂ ಏರಿಳಿಯುತ್ತಲೇ ಇರುತ್ತವೆ. ಜಲಾಶಯದ ಗ್ರಾಫಿನಲ್ಲಿ ಕಂಡ ತಡವನ್ನು ಇಲ್ಲಿ ನೆನಪಿಸಬಹುದು.

ಇನ್ನೊಂದು ಬಗೆಯ ಸುತ್ತನ್ನು ನೋಡಲು ಜಲಕಳೆ ಮುಚ್ಚಿದ ಕೆರೆಯೊಂದರ ಏರಿಯ ಮೇಲೆ ಹೋಗಿ ನಿಲ್ಲಬೇಕು. ಊರಿನ ಕೊಳಚೆ ನೀರು, ಗದ್ದೆಗಳಿಂದ ತೊಳೆದು ಬಂದ ಗೊಬ್ಬರ ಕೆರೆಗೆ ಸೇರಿದಾಗ ಕಳೆ ಸೊಂಪಾಗಿ ಬೆಳೆದು ನೀರಿನ ಮೇಲ್ಮೈಯನ್ನು ಮುಚ್ಚುತ್ತದೆ. ಬೆಳಕು ಸಿಗದೆ ನೀರಿನೊಳಗಿನ ಸಸ್ಯಗಳು ಸಾಯುತ್ತವೆ. ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ, ಮೀನುಗಳು ಸಾಯುತ್ತವೆ. ಕೊಳೆತದ್ದರಿಂದ ಬಿಡುಗಡೆಯಾದ ಪೋಷಕಾಂಶ ಮತ್ತೆ ಕಳೆಗೇ ಸಿಗುತ್ತದೆ. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುತ್ತು. ಕಳೆಯನ್ನು ಮಾತ್ರ ತೆಗೆದು ಕೊಳಚೆಯನ್ನು ಬಿಟ್ಟರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿ, ಉತ್ತರವನ್ನು ಬಾಣಗಳಿಂದಲೇ ತೋರಿಸಲು ಹೇಳಬೇಕು.

ಊಹೆಯನ್ನು ಪರೀಕ್ಷಿಸುವ ಎರಡು ಪ್ರಯೋಗಗಳು

ಮೊದಲನೆಯದು ವಿಘಟಕಗಳ ಕೆಲಸವನ್ನು ಅಳೆಯುವುದು. ಒಣಗಿದ ಹೊಂಗೆ ಎಲೆಗಳನ್ನು ಸಮಾನ ತೂಕದ ಮೂರು ಪಾಲು ಮಾಡಬೇಕು. ಒಂದನ್ನು ಈರುಳ್ಳಿ ಚೀಲದ ಅಗಲ ಕಣ್ಣಿನ ಬಲೆಯಲ್ಲಿಯೂ ಉಳಿದೆರಡನ್ನು ನೈಲಾನಿನ ತೆಳು ಬಟ್ಟೆಯಲ್ಲಿಯೂ ಕಟ್ಟಬೇಕು. ಬಲೆಯ ಚೀಲವನ್ನೂ ಬಟ್ಟೆಯ ಒಂದು ಚೀಲವನ್ನೂ ತೇವದ ಮಣ್ಣಿನಲ್ಲಿ ಒಂದೇ ಆಳದಲ್ಲಿ ಹೂಳಿ, ಬಟ್ಟೆಯ ಇನ್ನೊಂದು ಚೀಲವನ್ನು ಮಳೆ ಬೀಳದ ಒಣ ಮಣ್ಣಿನಲ್ಲಿ ಹೂಳಬೇಕು. ನಾಲ್ಕು ವಾರಗಳ ನಂತರ ತೆಗೆದು, ಮೆಲ್ಲಗೆ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತೂಗಬೇಕು. ಬಲೆಯ ಚೀಲದೊಳಕ್ಕೆ ಎರೆಹುಳು ಮೊದಲಾದವು ನುಗ್ಗಬಲ್ಲವು, ಬಟ್ಟೆಯೊಳಕ್ಕೆ ಸೂಕ್ಷ್ಮಜೀವಿಗಳು ಮಾತ್ರ ಹೋಗಬಲ್ಲವು. ತೇವದ ಮಣ್ಣಿನ ಎರಡು ಚೀಲಗಳ ತೂಕದ ವ್ಯತ್ಯಾಸ ಹುಳುಗಳ ಕೆಲಸವನ್ನು ತೋರಿಸಿದರೆ, ಬಟ್ಟೆಯ ಎರಡು ಚೀಲಗಳ ವ್ಯತ್ಯಾಸ ನೀರಿನ ಪಾತ್ರವನ್ನು ತೋರಿಸುತ್ತದೆ. ಮೊದಲ ವಾರದಲ್ಲಿಯೇ ಹೂಳಿದರೆ ಪಾಠ ಮುಗಿಯುವ ಹೊತ್ತಿಗೆ ಫಲಿತಾಂಶ ಸಿಗುತ್ತದೆ.

ಎರಡನೆಯದು ಬೆಳಕಿನ ಪ್ರಯೋಗ. ಕೆರೆಯಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡದ ತುಂಡುಗಳನ್ನು ಎರಡು ಗಾಜಿನ ಬಾಟಲಿಗಳಲ್ಲಿ ಕೆರೆಯ ನೀರಿನೊಂದಿಗೆ ಇಟ್ಟು, ಎರಡಕ್ಕೂ ಒಂದೊಂದು ಚಿಟಿಕೆ ಅಡುಗೆ ಸೋಡಾ ಹಾಕಬೇಕು. ಒಂದನ್ನು ಬಿಸಿಲಿನಲ್ಲಿಯೂ ಇನ್ನೊಂದನ್ನು ಎಲೆಗಳಿಂದ ಮೇಲ್ಭಾಗ ಮುಚ್ಚಿ ನೆರಳಿನಲ್ಲಿಯೂ ಇಟ್ಟು, ಪ್ರತಿ ನಿಮಿಷಕ್ಕೆ ಏಳುವ ಗುಳ್ಳೆಗಳನ್ನು ಎಣಿಸಬೇಕು. ಕಳೆ ಮುಚ್ಚಿದ ಕೆರೆಯ ಮೀನಿಗೆ ಆಮ್ಲಜನಕ ಏಕೆ ಸಾಲದು ಎಂಬುದರ ಒಂದು ಕಾರಣ ಆ ಎಣಿಕೆಯಲ್ಲಿ ಕಾಣುತ್ತದೆ. ಈ ಬಾಟಲಿಗಳಲ್ಲಿ ಮೀನನ್ನು ಹಾಕುವುದು ಬೇಡ.

ಗಡಿಯನ್ನು ದೊಡ್ಡದು ಮಾಡುವುದು

ತಿಂಗಳ ಕೊನೆಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಚಿತ್ರಕ್ಕೆ ತರಬಹುದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುವ ಈ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಹಕ್ಕಿಗಳು ಸುತ್ತಲಿನ ಕೆರೆ ಮತ್ತು ಹೊಳೆಗಳಲ್ಲಿ ಮೀನು ಹಿಡಿದು ಮರಕ್ಕೆ ಮರಳುತ್ತವೆ. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನೊಂದಿಗೆ ಬೆರೆಸಿ ಊರಿನವರು ಗೊಬ್ಬರ ಮಾಡುತ್ತಾರೆ. ನೀರಿನಲ್ಲಿದ್ದ ಸಾರಜನಕ ಮತ್ತು ರಂಜಕ ಮೀನಿನ ಮೂಲಕ, ಹಕ್ಕಿಯ ಮೂಲಕ, ಜನರ ಕೈಯ ಮೂಲಕ ಹೊಲವನ್ನು ಸೇರುವ ದಾರಿ ಇದು. ಹೊಳೆಗೆ ವಸ್ತುಗಳು ಮೇಲಿನಿಂದ ಕೆಳಕ್ಕೆ ತೊಳೆದು ಹೋಗುವುದನ್ನೇ ಕಂಡ ಮಕ್ಕಳಿಗೆ, ನೀರಿನಿಂದ ನೆಲಕ್ಕೆ ಹತ್ತಿ ಬರುವ ಈ ನೀಲಿ ಗೆರೆ ಹೊಸದು. ಈ ಚಿತ್ರದಲ್ಲಿ ಜನರನ್ನೂ ಒಂದು ಭಾಗವಾಗಿ ಬರೆದು, ‘ಹುಣಸೆ ಮರವನ್ನು ಕಡಿಯದೆ ಉಳಿಸುತ್ತಾರೆ’ ಎಂಬ ಬಾಣವನ್ನೂ ಎಳೆಯಬೇಕು. ಪ್ರವಾಸ ಹೋಗುವುದಾದರೆ ಗೂಡು ಕಟ್ಟುವ ಕಾಲದಲ್ಲಿ, ಗದ್ದಲ ಮಾಡದೆ, ಊರಿನ ಹಿರಿಯರೊಂದಿಗೆ ಮಾತನಾಡುವಂತೆ ಯೋಜಿಸಿಕೊಳ್ಳಬೇಕು.

ಮೌಲ್ಯಮಾಪನಕ್ಕೆ ಭಾಗಗಳ ಹೆಸರು ಕೇಳುವ ಪ್ರಶ್ನೆಗಳನ್ನು ಬಿಟ್ಟು, ಮಕ್ಕಳು ನೋಡಿರದ ಇನ್ನೊಂದು ಸ್ಥಳವನ್ನು ಕೊಡುವುದು ಲೇಸು: ಒಂದು ತೆಂಗಿನ ತೋಟ, ಒಂದು ಕಬ್ಬಿನ ಗದ್ದೆ, ಅಥವಾ ಮೈಸೂರಿನ ಕುಕ್ಕರಹಳ್ಳಿ ಕೆರೆ. ಆರು ಭಾಗಗಳನ್ನು ಗುರುತಿಸಿ, ಕ್ರಿಯಾಪದವಿರುವ ಎಂಟು ಬಾಣಗಳನ್ನು ಎಳೆದು, ಒಂದು ಭಾಗವನ್ನು ತೆಗೆದಾಗ ಆಗುವ ಎರಡು ಬದಲಾವಣೆಗಳನ್ನು ಕಾರಣಸಹಿತ ಬರೆಯಲು ಹೇಳಬೇಕು. ತರಗತಿಯ ದೊಡ್ಡ ಚಿತ್ರವನ್ನು ದಿನಾಂಕ ಮತ್ತು ತಾಕಿನ ವಿವರದೊಂದಿಗೆ ಶಾಲೆಯಲ್ಲಿಯೇ ಕಾಯ್ದಿರಿಸಿದರೆ, ಮುಂದಿನ ವರ್ಷದ ಮಕ್ಕಳು ಅದೇ ಗದ್ದೆಗೆ ಹೋಗಿ, ಯಾವ ಬಾಣಗಳು ಹಾಗೆಯೇ ಇವೆ, ಯಾವುವನ್ನು ತಿದ್ದಬೇಕು ಎಂದು ಹೋಲಿಸಿ ನೋಡಬಹುದು.